ಹದಿನಾಲ್ಕು ಪುಟದ ಪ್ರಶ್ನೆ

ಮೈಸೂರಿನ ಪದವಿ ಕಾಲೇಜೊಂದರ ಸ್ಟಾಫ್ ರೂಮು. ಮಧ್ಯಾಹ್ನದ ಕ್ಲಾಸು ಮುಗಿದಿದೆ. ಮೇಜಿನ ಮೇಲೆ ಎರಡು ಪ್ರಬಂಧಗಳಿವೆ. ಮೇಡಂ ಎದುರಿಗೆ ಕೂತ ಹುಡುಗಿಯ ಕೈ ದಪ್ಪನೆಯದರ ಮೇಲಿದೆ. ಇಂಗ್ಲೆಂಡಿನಲ್ಲಿ ಇತಿಹಾಸ ಎಂ.ಎ. ಓದಲು ಅರ್ಜಿ ಹಾಕುತ್ತಿದ್ದಾಳೆ. ಅಂಕಪಟ್ಟಿ, ಶಿಫಾರಸು ಪತ್ರ ಎಲ್ಲ ಸಿದ್ಧ. ಉಳಿದಿರುವುದು ಬರವಣಿಗೆಯ ಮಾದರಿ. ಅದು 20 ಪುಟ ಮೀರುವಂತಿಲ್ಲ.

“ಇದನ್ನೇ ಕಳಿಸ್ತೀನಿ ಮೇಡಂ. ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಬಂದಿದೆ.”

ಬ್ರಿಟಿಷ್ ಕಾಲದ ಕ್ಷಾಮಗಳ ಬಗ್ಗೆ 60 ಪುಟ. ಮೇಡಂ ಪೆನ್ಸಿಲ್ ಹಿಡಿದು ಪುಟ ತಿರುವುತ್ತಾರೆ. 1878ರ ವಿಲಿಯಂ ಡಿಗ್ಬಿ, 1981ರ ಅಮರ್ತ್ಯ ಸೇನ್, 2001ರ ಮೈಕ್ ಡೇವಿಸ್, ಕ್ಷಾಮದ ಬಗ್ಗೆ ಬರೆದವರೆಲ್ಲ ಸಾಲಾಗಿ ಬರುತ್ತಾರೆ. ಅಡಿಟಿಪ್ಪಣಿಗಳೆಲ್ಲ ಅಚ್ಚುಕಟ್ಟು. ಆದರೆ ಪೆನ್ಸಿಲ್ ಎಲ್ಲೂ ನಿಲ್ಲುವುದಿಲ್ಲ.

“ಅವರೆಲ್ಲ ಏನು ಹೇಳಿದ್ರು ಅಂತ ಗೊತ್ತಾಯ್ತಮ್ಮ. ನೀನೇನು ಕೇಳ್ತಿದ್ದೀಯ?”

ಹುಡುಗಿ ಸುಮ್ಮನಿದ್ದಾಳೆ. ಮೇಡಂ ತೆಳ್ಳನೆಯದನ್ನು ಎತ್ತಿಕೊಳ್ಳುತ್ತಾರೆ. ಬರೀ 14 ಪುಟ, ಸೆಮಿನಾರಿಗೆ ಬರೆದದ್ದು. ವಿಷಯ ಮೈಸೂರು ಸಂಸ್ಥಾನದ 1876–78ರ ಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷ ಜನ, 1881ರಲ್ಲಿ ಸುಮಾರು 41.8 ಲಕ್ಷ. ಕಳೆದುಬಿಟ್ಟರೆ ಸತ್ತವರ ಲೆಕ್ಕ ಸಿಕ್ಕಿತೆ? ಊರು ಬಿಟ್ಟು ಹೋದವರೆಷ್ಟು, ಆ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳೆಷ್ಟು? ಇಲ್ಲಿ ಪೆನ್ಸಿಲ್ ನಿಂತಿತು. ಮುಂದಿನ ಪುಟದಲ್ಲಿ ಇನ್ನೊಂದು ಪ್ರಶ್ನೆಯಿದೆ: ಎಣಿಸಿದವರು ಯಾರು? ಗಣತಿ ನಡೆದದ್ದು 1881ರ ಫೆಬ್ರವರಿಯಲ್ಲಿ. ಬ್ರಿಟಿಷರಿಂದ ಚಾಮರಾಜ ಒಡೆಯರಿಗೆ ರಾಜ್ಯ ಮರಳಿದ್ದು ಅದೇ ವರ್ಷದ ಮಾರ್ಚ್ 25ರಂದು. ಅಂದರೆ ಕ್ಷಾಮವನ್ನು ನಿಭಾಯಿಸಿದ ಬ್ರಿಟಿಷ್ ಆಡಳಿತವೇ ಉಳಿದವರನ್ನೂ ಎಣಿಸಿತು.

“ಇದು ಯಾರ ಪುಸ್ತಕದಲ್ಲಿ ಸಿಕ್ತು?”

“ತಾರೀಖು ಜೋಡಿಸ್ತಾ ಕೂತಿದ್ದಾಗ ಹೊಳೀತು ಮೇಡಂ.”

“ಹಾಗಾದ್ರೆ ಇದನ್ನೇ ಕಳಿಸು.”

“60 ಪುಟದಲ್ಲಿ 20 ಕತ್ತರಿಸಿ ಕೊಟ್ಟರೆ?”

“ವಾದ ಅರ್ಧಕ್ಕೇ ನಿಲ್ಲುತ್ತೆ. ಇದಕ್ಕೆ ಮೊದಲೂ ಇದೆ, ಕೊನೆಯೂ ಇದೆ.”

ತಿದ್ದುವುದು ಇನ್ನೂ ಇದೆ. ಎರಡು ಪುಟದ ಪೀಠಿಕೆ ಒಂದು ಪ್ಯಾರಾ ಆಗಬೇಕು. 1831ರಿಂದ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದ್ದೇಕೆ ಎಂಬುದು ಅಲ್ಲಿನ ಓದುಗರಿಗೆ ತಿಳಿಯಲಿಕ್ಕಿಲ್ಲ. ಅದಕ್ಕೆ ಎರಡು ಸಾಲು ಬೇಕು. ಎರಡು ಗಣತಿಗಳನ್ನು ಹೋಲಿಸಿ ಎಷ್ಟು ಹೇಳಬಹುದು, ಎಷ್ಟು ಹೇಳಲಾಗದು ಎಂಬುದನ್ನು ಕೊನೆಯಲ್ಲಿ ಬಿಚ್ಚಿಡಬೇಕು. ಹುಡುಗಿ ಒಂದೊಂದನ್ನೇ ಅಂಚಿನಲ್ಲಿ ಗುರುತು ಮಾಡಿಕೊಳ್ಳುತ್ತಾಳೆ.

ಎಷ್ಟು ಓದಿದ್ದಾಳೆಂದು ಅಂಕಪಟ್ಟಿ ಆಗಲೇ ಹೇಳಿದೆ. ದಾಖಲೆ ಕೊಟ್ಟ ಅಂಕಿಯನ್ನು ಅವಳು ಹಾಗೆಯೇ ಒಪ್ಪುತ್ತಾಳೋ, ತಡೆದು ಕೇಳುತ್ತಾಳೋ ಎಂದು ಹೇಳಬಲ್ಲದ್ದು ಈ 14 ಪುಟ ಮಾತ್ರ.