ಕೆರೂರಿಗೆ ಬಂದ ಕಾಗದಗಳು

ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದರೆ ದಾರಿಯಲ್ಲಿ ನಮ್ಮ ಕೆರೂರ ಸಿಗುತ್ತದೆ. ಬನಶಂಕರಿ ಜಾತ್ರೆಗೆ ಹೊರಟಾಗ ನೀವೂ ಇಲ್ಲಿ ಇಳಿದು ಬಾದಾಮಿ ಬಸ್ಸು ಹಿಡಿದಿರಬಹುದು. ಒಂದು ಕಪ್ಪು ಚಹಾ ಕುಡಿದು, ಹಳೇ ಕೋಟೆ ಇದೆಯಂತೆ ಎಂದು ಕೇಳಿ, ಮುಂದೆ ಹೋಗಿರುತ್ತೀರಿ. ನನಗೆ ಇದು ತವರು. ಮೊನ್ನೆ ಹೋದಾಗ ಅವ್ವನ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಕೆಳಗೆ ಅಪ್ಪನ ಕಾಗದಗಳ ಕಟ್ಟು ಸಿಕ್ಕಿತು. ಅದನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ಅಪ್ಪ ಪದಾತಿ ದಳದ ಸಿಪಾಯಿ. ಶ್ರೀಲಂಕಾದಲ್ಲಿ 1983ರಿಂದ 2009ರ ತನಕ ಅಂತರ್ಯುದ್ಧ ನಡೆಯಿತಲ್ಲ, ಅದರ ನಡುವೆ 1987ರ ಜುಲೈ ಒಪ್ಪಂದದ ಮೇರೆಗೆ ನಮ್ಮ ಸರಕಾರ ಶಾಂತಿಪಾಲನಾ ಪಡೆ ಕಳಿಸಿತು. ಶಾಂತಿ ಕಾಯಲು ಹೋದವರು ಅಕ್ಟೋಬರಿನಲ್ಲಿ ಜಾಫ್ನಾದಲ್ಲಿ ಯುದ್ಧವನ್ನೇ ಮಾಡಬೇಕಾಯಿತು. 1990ರ ಮಾರ್ಚಿನಲ್ಲಿ ಪಡೆ ವಾಪಸು ಬರುವ ಹೊತ್ತಿಗೆ 1,100ಕ್ಕೂ ಹೆಚ್ಚು ಜವಾನರು ತೀರಿಕೊಂಡಿದ್ದರು.

ಕಾಗದದಲ್ಲಿ ಊರಿನ ಹೆಸರಿಲ್ಲ. 'ಮಾರ್ಫತ್ 56 ಎ.ಪಿ.ಓ.' ಅಷ್ಟೇ. ನಮ್ಮ ವಿಳಾಸದಲ್ಲಿ ಬಿಜಾಪುರ ಜಿಲ್ಲೆ ಎಂದಿದೆ, ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ. ಒಳಗೆ ಬರೆದದ್ದು ಪ್ರತಿ ಸಲ ಒಂದೇ: ನಾನು ಕ್ಷೇಮ, ಇಲ್ಲಿ ಮಳೆ ಭಾಳ, ಮಕ್ಕಳನ್ನು ಸಾಲೆ ಬಿಡಿಸಬೇಡ. ಅಕ್ಷರಗಳು ನೀರು ಬಿದ್ದು ಹರಡಿವೆ. ಅವ್ವನಿಗೆ ಅಳು ಅಂತ ನಾವು ತಿಳಿದಿದ್ದೆವು, ಆದರೆ ಅದು ಅಲ್ಲಿಯ ಮಳೆ. ರಾತ್ರಿ ಬ್ಯಾಟರಿ ಹಚ್ಚುವಂತಿಲ್ಲ, ಬೆಳಕು ಕಂಡಲ್ಲಿಗೆ ಗುಂಡು ಬರುತ್ತದೆ. ಹಗಲು ಗಸ್ತು. ನಡುವೆ ಸಿಕ್ಕ ಹೊತ್ತಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದರಂತೆ. ಒಂದು ಪೆನ್ನಿಗೆ ನಾಲ್ಕು ಮಂದಿ ಪಾಳಿ. ನಮ್ಮ ಕಾಗದ ಅವರಿಗೆ ತಿಂಗಳುಗಟ್ಟಲೆ ಮುಟ್ಟದೆ, ಒಮ್ಮೆಲೇ ಐದಾರು ಬರುತ್ತಿದ್ದವು. ಅವ್ವ ಶೇಂಗಾ ಚಟ್ನಿ ಕುಟ್ಟಿ ಅರಿವೆಯಲ್ಲಿ ಹೊಲಿದು ಕಳಿಸಿದ್ದಳು. ಅದು ಸಿಕ್ಕಿತೋ ಇಲ್ಲವೋ ಎಂಬುದಕ್ಕೆ ಯಾವ ಕಾಗದದಲ್ಲೂ ಉತ್ತರವಿಲ್ಲ.

ಅವ್ವನಿಗೆ ಓದು ಬಾರದು. ಮೂರನೇ ಇಯತ್ತೆಯ ನಾನೇ ಓದುವವಳು, ನಾನೇ ಬರೆಯುವವಳು. 1988ರಲ್ಲಿ ಮುತ್ಯಾ ತೀರಿಕೊಂಡ. ತಂತಿ ಕೊಡೋಣವೆಂದರೆ ಆಯಿ ಬಿಲ್ಕುಲ್ ಒಪ್ಪಲಿಲ್ಲ. "ಗುಂಡಿನ ನಡುವ ನಿಂತಾವಗ ಇದನ್ನ ಹೇಳಿದರ ಅವನ ಕೈ ನಡಗತೈತಿ. ಆರಾಮ ಅದಾನ ಅಂತ ಬರಿ" ಅಂದಳು. ನಾನು ಬರೆದೆ. ಒಂದು ಸಲ ಅಲ್ಲ, ಐದು ಸಲ. ಕೊನೆಯದರಲ್ಲಿ ಮುತ್ಯಾ ಜೋಳ ಕಾಯಾಕ ಹೋಗ್ಯಾನ ಅಂತಲೂ ಸೇರಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ರಜೆಗೆ ಬಂದ ಅಪ್ಪ ಸ್ಟ್ಯಾಂಡಿನಲ್ಲಿ ಇಳಿದವರೇ ಮುತ್ಯಾಗೆಂದು ತಂದ ಸ್ವೆಟರ್ ತೋರಿಸಿದರು. ಕರೆಯಲು ಹೋದ ಕಾಕಾ ಬಾಯಿ ಬಿಡಬೇಕಾಯಿತು. ಅಪ್ಪ ಮನೆಗೆ ಬರಲಿಲ್ಲ, ಯೂನಿಫಾರ್ಮಿನಲ್ಲೇ ಹೊಲಕ್ಕೆ, ಮುತ್ಯಾಗೆ ಮಣ್ಣು ಕೊಟ್ಟಲ್ಲಿಗೆ ಹೋದರು. ದೀಪ ಹಚ್ಚಿದ ಮೇಲೆ ಬಂದು ಆಯಿಯ ಹತ್ತಿರ ಕೂತರು, ಯಾರನ್ನೂ ಬೈಯಲಿಲ್ಲ. ಮರುದಿನ ಅವ್ವ ಮೈಮೇಲೆ ನೀರು ಹಾಕುವಾಗ ಅವರ ತೊಡೆಯ ಮೇಲೆ ಹೊಲಿಗೆಯ ಗುರುತು ಕಂಡಿತು. ಅದನ್ನು ಅವರೂ ಬರೆದಿರಲಿಲ್ಲ ನೋಡಿ.

ಹೊರಡುವ ದಿನ ನನ್ನನ್ನು ಕರೆದು, "ಇನ್ನ ಮ್ಯಾಲ ಖರೇ ಬರಿಯವಾ" ಅಂದರು. ಬರೆದೆ, ಎಮ್ಮೆ ಸತ್ತದ್ದು, ಸಾಲ ಆದದ್ದು, ಆಯಿಯ ಕಣ್ಣು ಹೋದದ್ದು, ಎಲ್ಲಾ. ಅಪ್ಪನ ಕಾಗದ ಮಾತ್ರ ಮೊದಲಿನಂತೆಯೇ ಬರುತ್ತಿತ್ತು: ನಾನು ಕ್ಷೇಮ, ಇಲ್ಲಿ ಮಳೆ ಭಾಳ.