ವಾಲ್ವು ಮತ್ತು ನನ್ನ ಸಹಿ

ಕಾರಕೂನನ ಬಾಳಿನಲ್ಲಿ ವಾಲ್ವಿಗೇನು ಕೆಲಸವೆಂದು ವಾಚಕರು ಕೇಳಬಹುದು. ಹೋದ ವರುಷದ ತನಕ ನಾನೂ ಹಾಗೆಯೇ ಕೇಳುತ್ತಿದ್ದೆ. ಮುಂಬಯಿಯ ಒಂದು ಸರಕಾರಿ ಕಚೇರಿಯ ಉಗ್ರಾಣ ಶಾಖೆಯಲ್ಲಿ ನನ್ನ ಮೇಜು. ಕೊಳವೆ, ಬೋಲ್ಟು, ವಾಲ್ವು ಎಲ್ಲವೂ ದಿನಾಲು ನನ್ನ ಕೈಯ ಮೇಲೆ ಹಾದು ಹೋಗುತ್ತವೆ. ಆದರೆ ಕಾಗದದ ರೂಪದಲ್ಲಿ ಮಾತ್ರ. ಇತಿಹಾಸ ಓದಿ ಬಿ.ಎ. ಆದವನಿಗೆ ಅಷ್ಟು ಸಾಕೆಂದು ನಾನೂ ತಿಳಿದಿದ್ದೆ, ಸರಕಾರವೂ ತಿಳಿದಿತ್ತು.

ಏಪ್ರಿಲ್ ತಿಂಗಳಲ್ಲಿ ಎಂಟು ವಾಲ್ವುಗಳ ಬಿಲ್ಲು ಬಂತು. ನೀರಿನ ದೊಡ್ಡ ಕೊಳವೆಗೆ ಕೂಡಿಸಿ, ಮೇಲಿನ ಚಕ್ರ ತಿರುವಿ ಮುಚ್ಚುವ ಜಾತಿಯವು. ಜೊತೆಗೆ ಪರೀಕ್ಷೆಯ ಪ್ರಮಾಣಪತ್ರವಿತ್ತು. ಅದರಲ್ಲಿ ಕವಚದ ಪರೀಕ್ಷೆಯ ಸಾಲು ತುಂಬಿತ್ತು. ಸೀಟಿನ ಪರೀಕ್ಷೆಯ ಸಾಲು ಖಾಲಿ. ಕೆಳಗೆ ಮೊಹರು, ಸಹಿ ಎಲ್ಲ ಅಚ್ಚುಕಟ್ಟು. ಖಾಲಿ ಸಾಲು ಕಣ್ಣಿಗೆ ಬಿತ್ತು, ಇಲ್ಲವೆನ್ನಲಾರೆ. ಆದರೆ ಗಂಟೆ ಐದೂವರೆ. ತಪ್ಪಿದರೆ ಮುಂದಿನ ಲೋಕಲಿನಲ್ಲಿ ಕಾಲಿಡಲು ಜಾಗವಿಲ್ಲ. “ಪ್ರಮಾಣಪತ್ರ ಲಗತ್ತಿಸಿದೆ, ಸರಿಯಿದೆ” ಎಂದು ಶೇರಾ ಬರೆದು, ಸಹಿ ಹಾಕಿ, ಚೀಲ ಹೆಗಲಿಗೇರಿಸಿದೆ.

ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಹುಬ್ಬಳ್ಳಿಗೆ ಹೋದೆವು. ನಮ್ಮ ಕಾಕಾ ಅಲ್ಲಿಯ ಗೋಕುಲ ರಸ್ತೆಯ ಕಡೆಗಿನ ಒಂದು ವಾಲ್ವಿನ ಕಾರಖಾನೆಯಲ್ಲಿ ಮೂವತ್ತು ವರುಷದಿಂದ ಪರೀಕ್ಷೆಯ ಬೆಂಚಿನ ಮೇಲಿದ್ದಾರೆ. ಬೆಳಗಾವಿಯ ಎರಕದ ಮನೆಗಳು, ಹುಬ್ಬಳ್ಳಿಯ ವಾಲ್ವುಗಳು ನಮ್ಮ ನಾಡಿನ ಹೊರಗೂ ಹೆಸರಾದವು. ಹುಟ್ಟಿದೂರಿನ ಈ ಕೀರ್ತಿಯನ್ನು ನಾನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ನೋಡಬೇಕೆಂದಾಗ ಕಾಕಾ ಮಾಲಕರ ಅಪ್ಪಣೆ ಪಡೆದು ಕರೆದೊಯ್ದರು.

ವಾಲ್ವಿನ ಹುಟ್ಟು ಕಟ್ಟಿಗೆಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ಮೊದಲು ಅದರ ಆಕಾರದ ಕಟ್ಟಿಗೆಯ ಪ್ಯಾಟರ್ನು. ಬೀಡುಕಬ್ಬಿಣ ಆರಿದಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. ಅದನ್ನು ಉಸುಕಿನಲ್ಲಿ ಒತ್ತಿ ತೆಗೆದರೆ ಪೊಳ್ಳು ಮೂಡುತ್ತದೆ. ನೀರು ಹರಿಯುವ ದಾರಿ ಖಾಲಿ ಉಳಿಯಲೆಂದು ನಡುವೆ ಉಸುಕಿನದೇ ಒಂದು ಕೋರು ಇಡುತ್ತಾರೆ. ಆಮೇಲೆ 1,300 ಡಿಗ್ರಿಗೂ ಮೇಲೆ ಕಾದ ಕಬ್ಬಿಣವನ್ನು ಹೊಯ್ಯುತ್ತಾರೆ. ಆರಿದ ಮೇಲೆ ಉಸುಕು ಬಡಿದು, ಅಂಚು ಉಜ್ಜಿ, ಲೇತಿಗೆ ಏರಿಸುತ್ತಾರೆ. ಅದೇ ಕಬ್ಬಿಣದಿಂದ ಎರೆದ ಒಂದು ಸರಳನ್ನು ಬೇರೆಯಾಗಿ ಎಳೆದು, ಎಷ್ಟು ಭಾರಕ್ಕೆ ತುಂಡಾಗುವುದೆಂದು ನೋಡುವುದೂ ಉಂಟು.

ಒಳಗಿನ ಕೆಲಸ ಇನ್ನೂ ನಾಜೂಕು. ನೀರನ್ನು ತಡೆಯುವುದು ಬೆಣೆಯ ಆಕಾರದ ಒಂದು ಗೇಟು. ಅದು ಇಳಿದು ಕೂಡುವ ಜಾಗವೇ ಸೀಟು. ಎರಡಕ್ಕೂ ಕಂಚಿನ ಉಂಗುರ. ಒಂದರ ಮೇಲೆ ತೆಳ್ಳಗೆ ನೀಲಿ ಸವರಿ ಇನ್ನೊಂದಕ್ಕೆ ಒತ್ತುತ್ತಾರೆ. ನೀಲಿ ಸುತ್ತಲೂ ಸಮನಾಗಿ ಹತ್ತಿದರೆ ಸರಿ. ಎಲ್ಲಿ ಹತ್ತಲಿಲ್ಲವೋ ಅಲ್ಲಿ ಸಂದು ಇದೆಯೆಂದು ಅರ್ಥ. ಮತ್ತೆ ಉಜ್ಜಬೇಕು, ಮತ್ತೆ ಸವರಬೇಕು.

ಕೊನೆಗೆ ಕಾಕಾನ ಬೆಂಚು. ಅಲ್ಲಿಗೆ ಬರುವ ವಾಲ್ವಿಗೆ ಬಣ್ಣವಿರುವುದಿಲ್ಲ. ಯಾಕೆಂದು ಕೇಳಿದೆ.

“ಬಣ್ಣ ಹಚ್ಚಿದ್ರ ಸಣ್ಣ ತೂತು ಮುಚ್ಚಿ ಹೋಗ್ತಾವು ತಮ್ಮಾ. ಮೊದಲ ಪರೀಕ್ಷಾ, ಆಮ್ಯಾಲೆ ಶೃಂಗಾರ” ಎಂದರು.

ವಾಲ್ವಿನ ಎರಡೂ ಬಾಯಿಗಳನ್ನು ಬಿಗಿದು, ಗೇಟನ್ನು ಅರ್ಧ ತೆರೆದು ನೀರು ತುಂಬಿದರು. ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಟ್ಟರು. ಗಾಳಿ ಅಂದರೆ ಒತ್ತಿಟ್ಟ ಸ್ಪ್ರಿಂಗಿನ ಹಾಗೆ; ಕವಚ ಒಡೆದರೆ ಕಬ್ಬಿಣದ ಚೂರು ಸಿಡಿಯುತ್ತದೆ. ನೀರು ಹಾಗೆ ಕುಗ್ಗುವುದಿಲ್ಲ, ಆದ್ದರಿಂದ ಸಿಡಿಯುವುದೂ ಇಲ್ಲ. ನೀರಿನ ಕೆಲಸದ ಈ ವಾಲ್ವುಗಳಿಗೆ 2000ನೆಯ ಇಸವಿಯ ಭಾರತೀಯ ಮಾನಕ 14846 ಇದೆ. ಚದರ ಸೆಂಟಿಮೀಟರಿಗೆ 10 ಕಿಲೋ ಒತ್ತಡದ, ಅಂದರೆ ನೂರು ಮೀಟರು ಎತ್ತರದ ನೀರನ್ನು ಹೊರಬಲ್ಲ, ದರ್ಜೆಯ ವಾಲ್ವಿನ ಕವಚವನ್ನು 15 ಕಿಲೋ ಒತ್ತಡದಲ್ಲಿ ಪರೀಕ್ಷಿಸಬೇಕು. ಮುಳ್ಳು ಹದಿನೈದಕ್ಕೆ ಏರಿತು. ಕಾಕಾ ಗಡಿಯಾರ ನೋಡುತ್ತ, ಕೈಬೆರಳಿನಿಂದ ಕವಚವನ್ನು ಸವರುತ್ತ ನಿಂತರು. ಎಲ್ಲಿಯೂ ಬೆವರಲಿಲ್ಲ.

“ನಿಮ್ಮವ್ವ ಗಡಿಗಿ ತಗೊಳ್ಳೋ ಮುಂದ ಏನ ಮಾಡ್ತಿದ್ಲು, ನೆನಪೈತೇನು?”

ನೆನಪಿತ್ತು. ಸಂತೆಯಲ್ಲಿ ಬಡಿದು ಸಪ್ಪಳ ಕೇಳುತ್ತಿದ್ದಳು. ಮನೆಗೆ ತಂದು ರಾತ್ರಿಯೆಲ್ಲ ನೀರು ತುಂಬಿ ಕಟ್ಟೆಯ ಮೇಲೆ ಇಡುತ್ತಿದ್ದಳು.

“ಇದೂ ಅಷ್ಟ. ಆದ್ರ ಗಡಿಗಿಗೆ ಇಷ್ಟ ಸಾಕು, ವಾಲ್‌ಗೆ ಸಾಲಂಗಿಲ್ಲ” ಎಂದು ಗೇಟನ್ನು ಮುಚ್ಚಿ, ಒಂದು ಬಾಯಿಯನ್ನು ತೆರೆದು ಒರಸಿದರು. ಇನ್ನೊಂದು ಕಡೆಯಿಂದ 10 ಕಿಲೋ ಒತ್ತಡ. ಇದು ಸೀಟಿನ ಪರೀಕ್ಷೆ. ನಾವಿಬ್ಬರೂ ಬಗ್ಗಿ ನೋಡಿದೆವು. ಮೊದಲು ಏನೂ ಇಲ್ಲ. ಆಮೇಲೆ ಉಂಗುರದ ಕೆಳಗೆ ಒಂದು ಹೊಳಪು. ಅದು ಹನಿಯಾಯಿತು, ಜಾರಿತು. ಅದರ ಹಿಂದೆ ಇನ್ನೊಂದು. ಪಕ್ಕದ ಹುಡುಗ ಚಕ್ರವನ್ನು ಇನ್ನಷ್ಟು ಬಿಗಿಯಲು ಕೈ ಹಾಕಿದ. ಕಾಕಾ ತಡೆದರು. “ಮೈಬಲ ಹಾಕಿ ಪಾಸು ಮಾಡಬ್ಯಾಡ” ಎಂದು ಕವಚದ ಮೇಲೆ ಸುಣ್ಣದ ಬಳಪದಿಂದ ಕಾಟು ಹಾಕಿ, ಸೀಟು ಉಜ್ಜುವ ಕಡೆಗೆ ತಿರುಗಿ ಕಳಿಸಿದರು.

ನನ್ನ ನಾಲಿಗೆ ಒಣಗಿತ್ತು. “ಕಾಕಾ, ಕವಚದ ಪರೀಕ್ಷೆ ಮಾಡಿ ಸೀಟಿನದನ್ನು ಬಿಟ್ಟರೆ ಏನಾಗ್ತದರಿ?”

“ಹಂಗಾದ್ರ ಅದು ವಾಲ್ ಅಲ್ಲಪಾ, ಕೊಳವಿ ತುಂಡು.”

ತಿರುಗಿ ಬರುವ ರಾತ್ರಿ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಎಂದೋ ಓದಿದ್ದು ನೆನಪಿಗೆ ಬಂತು. 1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲಂಡ್ ಅಣುವಿದ್ಯುತ್ ಕೇಂದ್ರದಲ್ಲಿ ಒತ್ತಡ ಇಳಿಸುವ ಒಂದು ವಾಲ್ವು ತೆರೆಯಿತು, ಮತ್ತೆ ಮುಚ್ಚಲಿಲ್ಲ. ಕೊಠಡಿಯ ದೀಪ ಮಾತ್ರ ಅದು ಮುಚ್ಚಿದೆಯೆಂಬ ಭಾವನೆ ಕೊಟ್ಟಿತು. ವಾಸ್ತವವಾಗಿ ಆ ದೀಪ ತಿಳಿಸುತ್ತಿದ್ದುದು ಮುಚ್ಚೆಂಬ ಆಜ್ಞೆ ಹೋಗಿದೆ ಎಂದಷ್ಟೇ. ಎರಡು ಗಂಟೆಗೂ ಮೇಲೆ ತಂಪಿಡುವ ನೀರು ಹೊರಗೆ ಹರಿದು, ಸ್ಥಾವರದ ಗರ್ಭ ಸುಮಾರು ಅರ್ಧ ಕರಗಿತು. ನನ್ನ ಸಹಿಯೂ ಅಂಥದೊಂದು ದೀಪವೇ ಆಗಿತ್ತಲ್ಲವೆ? ಕಾಗದ ಬಂದಿದೆ ಎಂದಷ್ಟೇ ಅದು ಹೇಳುತ್ತಿತ್ತು. ಓದುವವರು ವಾಲ್ವು ಸರಿಯಿದೆ ಎಂದು ತಿಳಿಯುತ್ತಿದ್ದರು.

ಕಚೇರಿಗೆ ಹೋದೊಡನೆ ವಿಚಾರಿಸಿದೆ. ಪುಣ್ಯಕ್ಕೆ ಎಂಟೂ ವಾಲ್ವುಗಳು ಉಗ್ರಾಣದಲ್ಲಿಯೇ ಇದ್ದವು, ಬಿಲ್ಲು ಲೆಕ್ಕಶಾಖೆಯಲ್ಲಿತ್ತು. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಬರೆದರೆ ನನ್ನ ಕೈಯಾರೆ ನನ್ನ ತಪ್ಪನ್ನೇ ಫೈಲಿಗೆ ಏರಿಸಿದಂತೆ. ಬಡ್ತಿಯ ಯಾದಿ ಹೊರಡುವ ಕಾಲ ಬೇರೆ. ಎರಡು ದಿನ ಪೆನ್ನು ಹಿಡಿದು ಕುಳಿತೆ. ಮೂರನೆಯ ದಿನ ಹಳೆಯ ಶೇರಾದ ಕೆಳಗೆ ಬರೆದೆ: “ಮೇಲೆ ನಾನು ಬರೆದುದು ತಪ್ಪು. ಸೀಟಿನ ಪರೀಕ್ಷೆಯ ಸಾಲು ಖಾಲಿ ಇದೆ. ಪರೀಕ್ಷೆ ಮಾಡಿಸದೆ ಬಿಲ್ಲು ಕೊಡಬಾರದು.”

ಸಾಹೇಬರು ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು. “ಆವತ್ತು ಯಾಕೆ ಕಾಣಲಿಲ್ಲ?” ಎಂದರು.

“ಕಂಡಿತ್ತು, ಸರ್” ಎಂದೆ.

ಅವರು ಮುಂದೆ ಮಾತಾಡಲಿಲ್ಲ. ಸಹಿ ಮಾಡಿ ಫೈಲನ್ನು ಇಂಜಿನಿಯರರಿಗೆ ಕಳಿಸಿದರು. ಪರೀಕ್ಷೆಯಾಯಿತು. ಏಳು ವಾಲ್ವುಗಳು ಹನಿ ಬಿಡಲಿಲ್ಲ. ಎಂಟನೆಯದು ಸೀಟಿನಲ್ಲಿ ಸೋರಿತು. ಅದನ್ನು ಮಾರಿದವರು ಬದಲಿಸಿ ಕೊಟ್ಟರು. ಬಡ್ತಿಯ ಯಾದಿಯಲ್ಲಿ ಈ ಸಲ ನನ್ನ ಹೆಸರಿರಲಿಲ್ಲ. ಅದಕ್ಕೆ ಇದೇ ಕಾರಣವೆಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಈಗ ನನ್ನ ಲೋಕಲು ಆಗಾಗ ತಪ್ಪುತ್ತದೆ. ತಡವಾಯಿತೇಕೆಂದು ಮನೆಯವಳು ಕೇಳಿದರೆ, “ಸೀಟಿನ ಪರೀಕ್ಷೆ ನಡೆದಿತ್ತು” ಎನ್ನುತ್ತೇನೆ. ಅವಳು ನಕ್ಕು ಅನ್ನ ಬಿಸಿ ಮಾಡಲು ಏಳುತ್ತಾಳೆ.