ನೆಂಟರಿಗೆ ತೋರಿಸುವ ಊರು

ಕರಾವಳಿಯಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಸುಖವೂ ಒಂದು ಕಷ್ಟವೂ ಉಂಟು. ಎರಡರ ಹೆಸರೂ ಒಂದೇ, ನೆಂಟರು! ಎರಡು ದಿನ ರಜೆ ಸಿಕ್ಕಿತೆಂದರೆ ಬಯಲುಸೀಮೆಯ ಗೆಳೆಯರಿಗೆ ಸಮುದ್ರದ ನೆನಪಾಗುತ್ತದೆ. ಸಮುದ್ರದ ನೆನಪಾದೊಡನೆ ನಮ್ಮ ನೆನಪೂ ಆಗುತ್ತದೆ.

ಮೆಹಮಾನ್ ಬಂದರೆ ಮನೆಗೆ ಬರಕತ್ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಅತಿಥಿ ಸತ್ಕಾರ ಮೂರು ದಿನ, ಅದಕ್ಕಿಂತ ಹೆಚ್ಚಿನದು ದಾನ ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಈಗಿನ ನೆಂಟರಿಗೆ ಮೂರು ದಿನವೂ ತುಂಬುವುದಿಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತುತ್ತಾರೆ, ಭಾನುವಾರ ರಾತ್ರಿ ಮರಳಿ ಹೋಗುತ್ತಾರೆ. ಅಷ್ಟರಲ್ಲಿ ಊರು ತೋರಿಸಿ ಮುಗಿಸಬೇಕು.

ಉಳಿದ ದಿನಗಳಲ್ಲಿ ನಾವು ಕಾಣುವ ಉಡುಪಿ ಬೇರೆಯೇ. ಕಲ್ಸಂಕದಲ್ಲಿ ನಿಂತ ವಾಹನಗಳ ಸಾಲು, ಸಿಟಿ ಬಸ್ಸಿನ ಕಂಡಕ್ಟರನ ಸೀಟಿ, ಬಂಗುಡೆಯ ಕ್ರಯಕ್ಕಾಗಿ ಮೀನಿನವಳ ಜೊತೆ ನಿತ್ಯದ ಚೌಕಾಸಿ. ಮನೆಯೊಳಗೆ ಉರ್ದು, ಗೇಟಿನಾಚೆ ತುಳು, ಬರೆಯಲು ಕೂತರೆ ಕನ್ನಡ. ಇದರಲ್ಲಿ ಯಾವುದೂ ನಮಗೆ ವಿಶೇಷ ಅನಿಸುವುದಿಲ್ಲ. ನೆಂಟರು ಬಾರದಿದ್ದರೆ ಕಾರ್ಕಳದ ಗೊಮ್ಮಟನನ್ನು ವರ್ಷಗಟ್ಟಲೆ ನೋಡದೆಯೂ ಇದ್ದುಬಿಡಬಲ್ಲೆವು.

ಮೊದಲೆಲ್ಲ ಹೊರಡುವ ಮುನ್ನ ಫೋನು ಮಾಡಿದವರು "ಮೀನು ಚಲೋ ಸಿಗತಾವೇನ್ರಿ?" ಎಂದು ಕೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಪ್ರಶ್ನೆ ಬದಲಾಗಿದೆ. ಧಾರವಾಡದ ಗೆಳೆಯರೊಬ್ಬರು ಒಂದು ಡಿಸೆಂಬರಿನಲ್ಲಿ ಬರಲು ಹೊರಟವರು ಸ್ವಲ್ಪ ತಡೆದು ಕೇಳಿದರು, "ಅಲ್ಲಿ ವಾತಾವರಣ ಹೆಂಗೈತ್ರಿ? ಮಗಳನ್ನ ಕರಕೊಂಡು ಬರಬಹುದೇನ್ರಿ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. 2022ರ ಆರಂಭದಲ್ಲಿ ದೇಶದ ಟಿ.ವಿ.ಗಳೆಲ್ಲ ಉಡುಪಿಯೆಂದು ತೋರಿಸಿದ್ದು ಕಾಲೇಜಿನ ಗೇಟುಗಳನ್ನು, ಹಿಜಾಬಿನ ಕಾರಣಕ್ಕೆ ಅದರ ಹೊರಗೆ ನಿಂತ ಹುಡುಗಿಯರನ್ನು. ಆ ಚಿತ್ರ ಸುಳ್ಳಲ್ಲ, ಹೊರಗೆ ನಿಂತವರು ನಮ್ಮ ಮಕ್ಕಳೇ. ಆದರೆ ಊರೆಂದರೆ ಅಷ್ಟೇ ಅಲ್ಲ ಎಂಬುದನ್ನು ಫೋನಿನಲ್ಲಿ ಹೇಗೆ ವಿವರಿಸುವುದು? "ಬನ್ನಿ, ಬಂದು ನೋಡಿ" ಎಂದೆವು.

ಶನಿವಾರ ಬೆಳಿಗ್ಗೆ ಇಳಿದವರಿಗೆ ಮೊದಲು ಉಡುಪಿ ಪೇಟೆ ತೋರಿಸಿದೆವು. ಇಲ್ಲಿಯ ಸಸ್ಯಾಹಾರಿ ಹೋಟೆಲುಗಳು ನಮ್ಮಂಥವರಿಗೂ ದೊಡ್ಡ ನೆಮ್ಮದಿ. ಹಲಾಲೋ ಅಲ್ಲವೋ ಎಂಬ ವಿಚಾರಣೆಯೇ ಇಲ್ಲದೆ ಗೋಳಿಬಜೆ ತಿನ್ನಬಹುದು! ಬಳಿಕ ಹಾಜಿ ಅಬ್ದುಲ್ಲಾ ಸಾಹೇಬರು ಬಾಳಿದ ಮನೆಯ ಮುಂದೆ ಕರೆದೊಯ್ದೆವು. 1906ರಲ್ಲಿ ಅವರ ಮುಂದಾಳುತನದಲ್ಲಿ ಊರಿನ ಗಣ್ಯರು ಸೇರಿ ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಇಲ್ಲಿ ಒಂದು ಬ್ಯಾಂಕು ತೆರೆದರು. ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯ ಹೆಂಗಸರು ಮಕ್ಕಳ ಸರಕಾರಿ ಆಸ್ಪತ್ರೆಯ ಜಾಗವೂ ಹಾಜಿಯವರು ಕೊಟ್ಟದ್ದೇ. ಕೃಷ್ಣಮಠದ ದೀಪಕ್ಕೆ ಎಣ್ಣೆಯ ಅಭಾವವಾದಾಗ ಅವರು ಎಣ್ಣೆ ಕಳಿಸಿದ್ದರೆಂದು ಹಿರಿಯರು ಹೇಳುವುದುಂಟು.

"ಇಷ್ಟೆಲ್ಲ ಮಾಡಿದವರ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲಲ್ರಿ" ಎಂದರು ಗೆಳೆಯರು. ನಮ್ಮ ಕಡೆಯೂ ಎಲ್ಲರಿಗೂ ಗೊತ್ತಿದೆ ಎಂದು ಹೇಳುವ ಧೈರ್ಯ ನಮಗಾಗಲಿಲ್ಲ. ಅದಕ್ಕೇ ಅಲ್ಲವೇ, ಬಂದವರನ್ನೆಲ್ಲ ಅಲ್ಲಿಗೆ ಎಳೆದೊಯ್ಯುವುದು!

ಸಂಜೆ ಮಣಿಪಾಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಬೋಳು ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಕಟ್ಟಿದರು. ಅವರೂ ಸೇರಿ 1925ರಲ್ಲಿ ಸ್ಥಾಪಿಸಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಬಡವರ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಕಟ್ಟಿಸಿಕೊಳ್ಳುತ್ತಿತ್ತು. ಈಗ ಆ ಬ್ಯಾಂಕೂ ಇಲ್ಲ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಕನ್ನಡದ ಕತೆಗಾರ ಬೊಳುವಾರು ಮಹಮದ್ ಕುಂಞಿ ಆ ಬ್ಯಾಂಕಿನಲ್ಲಿ ದುಡಿಯುತ್ತಲೇ ಮುತ್ತುಪ್ಪಾಡಿಯ ಕತೆಗಳನ್ನು ಬರೆದರು. ಗುಡ್ಡದ ಅಂಚಿನ ಎಂಡ್ ಪಾಯಿಂಟಿನಲ್ಲಿ ನಿಂತು ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ನೋಡುತ್ತ, ಲೆಕ್ಕ ಬರೆಯುವವರಿಗೆ ಕತೆ ಬರೆಯಲು ಪುರುಸೊತ್ತು ಹೇಗೆ ಸಿಗುತ್ತಿತ್ತೆಂದು ಇಬ್ಬರೂ ಬೆರಗುಪಟ್ಟೆವು.

ಭಾನುವಾರ ಕಾರ್ಕಳಕ್ಕೆ ಹೊರಟೆವು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ ಬಂಡೆಗುಡ್ಡದ ಮೇಲೆ ದೂರದಿಂದಲೇ ಕಾಣಿಸುತ್ತಾನೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, 2015ರಲ್ಲಿ ನಡೆದಿತ್ತು. ಕಲ್ಲಿನ ಕೆಲಸ ಈ ಊರಿನಲ್ಲಿ ಅಂದಿಗೇ ನಿಂತುಹೋಗಲಿಲ್ಲ. ಧರ್ಮಸ್ಥಳದಲ್ಲಿರುವ 39 ಅಡಿಯ ಬಾಹುಬಲಿಯನ್ನು ಕೆತ್ತಿದ ರೆಂಜಾಳ ಗೋಪಾಲ ಶೆಣೈಯವರೂ ಕಾರ್ಕಳದವರೇ.

ಎದುರಿನ ದಿಣ್ಣೆಯ ಮೇಲೆ 1586ರ ಚತುರ್ಮುಖ ಬಸದಿ. ಮೆಟ್ಟಿಲ ಬಳಿ ಕಾರು ನಿಲ್ಲಿಸಿದಾಗ ಗೆಳೆಯರ ಮಗಳು ಇಳಿಯಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು. "ನೀವು ನೋಡಿ ಬರ್ರಿ ಚಾಚಾ, ನಾ ಇಲ್ಲೇ ಕುಂತಿರತೀನಿ. ನಮ್ಮನ್ನ ಒಳಗ ಬಿಡ್ತಾರೇನು?"

ಗೊಮ್ಮಟನ ಗುಡ್ಡ ಹತ್ತುವಾಗ ಎಲ್ಲರಿಗಿಂತ ಮುಂದೆ ಓಡಿದವಳು ಅವಳು. ಅಲ್ಲಿ ಬಯಲು, ಇಲ್ಲಿ ಬಾಗಿಲು. ಬಾಗಿಲು ಕಂಡ ಕೂಡಲೇ ಈ ಮಗುವಿಗೆ ಬಿಡುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಬರುವಂತಾಯಿತಲ್ಲ ಎಂದು ನಮ್ಮ ಹೊಟ್ಟೆಯಲ್ಲಿ ಸಂಕಟವಾಯಿತು. ಭಾಷಣ ಮಾಡುವ ಸಮಯವಲ್ಲ ಅದು. "ಬಾ ಬೇಟಿ, ಕೇಳಿ ನೋಡೋಣ" ಎಂದಷ್ಟೇ ಹೇಳಿದೆವು. ಮೇಲೆ ಬಸದಿಯ ಬಳಿ ಕೂತಿದ್ದ ಹಿರಿಯರೊಬ್ಬರನ್ನು ಅವಳೇ ಕೇಳಿದಳು. "ಚಪ್ಪಲಿ ಅಲ್ಲಿ ಬಿಡಿ ಮಗಾ. ಒಳಗೆ ತಂಪುಂಟು, ಆರಾಮಲ್ಲಿ ನೋಡಿ" ಎಂದರು ಅವರು. ಕಂಬಗಳನ್ನು ಎಣಿಸುತ್ತ ಅವಳು ಬಸದಿಗೆ ಎರಡು ಸುತ್ತು ಬಂದಳು.

ಮಧ್ಯಾಹ್ನ ಕಾರ್ಕಳದ ಮಸೀದಿಯಲ್ಲಿ ಝುಹರ್ ಮುಗಿಸಿ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೂ ಹೋದೆವು. 2016ರಲ್ಲಿ ಅದಕ್ಕೆ ಬಸಿಲಿಕಾದ ಗೌರವ ಸಿಕ್ಕಿದೆ. ಜನವರಿಯ ಜಾತ್ರೆಗೆ ಎಲ್ಲ ಜಾತಿ, ಎಲ್ಲ ಧರ್ಮದವರೂ ಬಂದು ಮೊಂಬತ್ತಿ ಹಚ್ಚುತ್ತಾರೆ.

ಬೆಳ್ಮಣ್, ಶಿರ್ವದ ದಾರಿಯಾಗಿ ಕಾಪುವಿಗೆ ಇಳಿಯುವಾಗ ನಡುವೆ ಶಂಕರಪುರ. ಉಡುಪಿ ಮಲ್ಲಿಗೆಯ ತವರು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಟ್ಟೆಯ ದರ ಪ್ರತಿದಿನ ನಿಗದಿಯಾಗುತ್ತದೆ, ಚಳಿಗಾಲದಲ್ಲಿ ಮುಟ್ಟಿದರೆ ಕೈ ಸುಡುತ್ತದೆ! ಆದರೂ ಭಾಭಿಗೆಂದು ಒಂದು ಚೆಂಡು ಕೊಂಡೆವು. ಇದೇ ಹೂವು ದೈವದ ಗುಡಿಗೂ ಹೋಗುತ್ತದೆ, ನಮ್ಮ ಮದುಮಗಳ ಮುಡಿಗೂ ಬರುತ್ತದೆ.

ಕಾಪುವಿನ ದೀಪಸ್ತಂಭ 1901ರದ್ದು, ಕಡಲಂಚಿನ ಬಂಡೆಯ ಮೇಲೆ 27 ಮೀಟರು ಎತ್ತರ. ಮೇಲೆ ಹತ್ತಿದರೆ ಒಂದು ಕಡೆ ಮುಗಿಯದ ನೀರು, ಇನ್ನೊಂದು ಕಡೆ ಮುಗಿಯದ ತೆಂಗು. ಗೆಳೆಯರು ಊರಿನ ಕಡೆ ಕೈ ತೋರಿಸಿ ಮೆಲ್ಲಗೆ ಕೇಳಿದರು, "ಜಾತ್ರ್ಯಾಗ ನಮ್ಮವರಿಗೆ ಅಂಗಡಿ ಹಾಕಾಕ ಬಿಡಲಿಲ್ಲ ಅಂತಿದ್ರಲ್ಲ, ಅದು ಇದೇ ಊರೇನ್ರಿ?"

ಹೌದು, ಇದೇ ಊರು. 2022ರ ಮಾರ್ಚಿನ ಸುಗ್ಗಿ ಮಾರಿಪೂಜೆಯ ಜಾತ್ರೆಯಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿಯ ಜಾಗ ಸಿಗಲಿಲ್ಲ. ಜಾತ್ರೆಯಿಂದ ಜಾತ್ರೆಗೆ ಹೋಗಿ ಬಳೆ, ಆಟಿಕೆ ಮಾರಿ ಬದುಕುವವರ ಅನ್ನ ಅದು. ಹಾಗೆಯೇ, ಇದೇ ಕಾಪುವಿನ ಮಾರಿಗುಡಿಯಲ್ಲಿ ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದ ಸಾಹೇಬರ ಮನೆತನವೂ ಉಂಟು. ಎರಡನ್ನೂ ಹೇಳಿದೆವು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ನೆಂಟರಿಗೂ ಮೋಸ, ಊರಿಗೂ ಮೋಸ.

ಬಾಡಿಗೆಗೆ ಇದ್ದವನು ನೆಂಟರಿಗೆ ತನ್ನ ಕೋಣೆ ತೋರಿಸುತ್ತಾನೆ, ಮನೆಯವನು ಹಿತ್ತಿಲಿನ ಬಾವಿಯನ್ನೂ ಸೋರುವ ಮಾಡನ್ನೂ ತೋರಿಸುತ್ತಾನೆ. ಗೊಮ್ಮಟ, ಬಸದಿ, ಇಗರ್ಜಿ, ಹಾಜಿಯವರ ಮನೆ ಇವೆಲ್ಲ ನಮ್ಮ ಊರಿನವು ಎನ್ನುವಾಗ, ಜಾತ್ರೆಯಲ್ಲಿ ಅಂಗಡಿ ಕಳೆದುಕೊಂಡವರ ದುಃಖವೂ ನಮ್ಮ ಊರಿನದೇ. ಅದು ಊರಿನ ಎಲ್ಲರ ಚಿಂತೆಯಾಗಬೇಕು. ಹೆದರಿ ನೆಂಟರನ್ನು ಮನೆಯೊಳಗೇ ಕೂರಿಸಿ ಬಿರಿಯಾನಿ ಬಡಿಸಿ ಕಳಿಸಿಬಿಟ್ಟರೆ ಈ ಊರಿನ ಮೇಲಿನ ನಮ್ಮ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ.

ರಾತ್ರಿ ಬಸ್ಸು ಹತ್ತುವಾಗ ಗೆಳೆಯರ ಕೈಚೀಲದಲ್ಲಿ ಮಟ್ಟುಗುಳ್ಳ, ಒಣಮೀನು ಎರಡೂ ಇದ್ದವು. ಅತ್ತೂರು ಜಾತ್ರೆ ಯಾವ ತಾರೀಖಿಗೆ ಎಂದು ಅವರ ಮಗಳು ಕೇಳಿಕೊಂಡಳು. ಈ ಸಲ ನಾಲ್ವರು ಗೆಳತಿಯರನ್ನೂ ಕರೆದುಕೊಂಡು ಬರುತ್ತಾಳಂತೆ. ಬರಲಿ. ಹಾಸಿಗೆಗೆ ಬರಗಾಲವಿಲ್ಲ, ಬಂಗುಡೆಯ ಕ್ರಯ ಮಾತ್ರ ಸ್ವಲ್ಪ ಇಳಿಯಬೇಕು.